ಎಣಿಕೆಗೆ ಕೊನೆ ಇಲ್ಲ ಸರಿ, ಆಕಾಶಕ್ಕೆ?

ಪ್ರಶ್ನೆ: ನನ್ನ ಮಗ ಆರನೇ ಕ್ಲಾಸು. ಸಂಖ್ಯೆಗಳಿಗೆ ಕೊನೆ ಇಲ್ಲ ಅಂತ ಹೇಳಿಕೊಟ್ಟೆ. ಎರಡು ದಿನ ಸುಮ್ಮನಿದ್ದು ಮೂರನೇ ದಿನ ಕೇಳಿದ: "ಪ್ರಪಂಚದಲ್ಲಿರೋ ವಸ್ತುಗಳನ್ನೆಲ್ಲ ಎಣಿಸಿ ಮುಗಿಸಿದ ಮೇಲೆ ಇನ್ನೇನು ಎಣಿಸೋದು? ಆಗ ಸಂಖ್ಯೆನೂ ಮುಗೀಬೇಕಲ್ವಾ? ಮುಗಿಯಲ್ಲ ಅಂದ್ರೆ ಬ್ರಹ್ಮಾಂಡಕ್ಕೂ ಕೊನೆ ಇಲ್ಲ ಅಂತ ತಾನೆ? ಹಾಗಿದ್ರೆ ಎಲ್ಲೋ ದೂರದಲ್ಲಿ ನನ್ನ ಥರಾನೇ ಇನ್ನೊಬ್ಬ ಇರ್ತಾನಾ?" ಏನು ಹೇಳಬೇಕೋ ತಿಳಿಯಲಿಲ್ಲ. ಸ್ವಲ್ಪ ಬಿಡಿಸಿ ಹೇಳಿ. – ವಿಜಯನಗರದ ಒಬ್ಬ ತಾಯಿ

ಉತ್ತರ: ಓದಿ ಖುಷಿಯಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಮೂವತ್ತು ವರ್ಷ ಡಿಗ್ರಿ ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟವನು ನಾನು. ಇದನ್ನು ಇಷ್ಟು ನೇರವಾಗಿ ಕೇಳಿದವರು ನನ್ನ ಕ್ಲಾಸಿನಲ್ಲಿ ಕಡಿಮೆ.

ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಸಂಖ್ಯೆಗಳಿಗೆ ಕೊನೆ ಇಲ್ಲ, ಅದರಲ್ಲಿ ಅನುಮಾನವೇ ಬೇಡ. ಬ್ರಹ್ಮಾಂಡಕ್ಕೆ ಕೊನೆ ಇದೆಯೋ ಇಲ್ಲವೋ ಇವತ್ತಿಗೆ ಯಾರಿಗೂ ಗೊತ್ತಿಲ್ಲ. ಒಂದರಿಂದ ಇನ್ನೊಂದನ್ನು ಹೇಳುವುದಕ್ಕೂ ಆಗುವುದಿಲ್ಲ. ನಿಮ್ಮ ಮಗ ಎರಡಕ್ಕೂ ಹಗ್ಗ ಕಟ್ಟಿದ್ದಾನೆ. ಆ ಹಗ್ಗ ಬಿಚ್ಚುವುದೇ ನನ್ನ ಕೆಲಸ.

ನಮ್ಮಜ್ಜಿ ಒಂದು ಕಥೆ ಹೇಳುತ್ತಿದ್ದರು, ನೀವೂ ಕೇಳಿರುತ್ತೀರಿ. ಒಬ್ಬ ರಾಜನಿಗೆ ಮುಗಿಯದ ಕಥೆ ಬೇಕು. ಹೇಳಿದವರಿಗೆ ಅರ್ಧ ರಾಜ್ಯ, ನಡುವೆ ಮುಗಿಸಿದವರಿಗೆ ಸೆರೆಮನೆ. ಒಬ್ಬ ಜಾಣ ಬಂದು ಶುರು ಮಾಡಿದ. ಒಂದು ದೊಡ್ಡ ಕಣಜ, ಅದರ ತುಂಬ ಜೋಳ, ಗೋಡೆಯಲ್ಲೊಂದು ತೂತು. ಒಂದು ಗುಬ್ಬಿ ಬಂತು, ಒಂದು ಕಾಳು ಕಚ್ಚಿಕೊಂಡು ಪುರ್ರ್ ಅಂತ ಹಾರಿಹೋಯಿತು. "ಆಮೇಲೆ?" ಅಂದ ರಾಜ. ಇನ್ನೊಂದು ಗುಬ್ಬಿ ಬಂತು, ಇನ್ನೊಂದು ಕಾಳು ಕಚ್ಚಿಕೊಂಡು ಹಾರಿಹೋಯಿತು. "ಆಮೇಲೆ?" ಇನ್ನೊಂದು ಗುಬ್ಬಿ ಬಂತು... ಮೂರನೇ ದಿನಕ್ಕೆ ರಾಜ ಕೈಮುಗಿದ.

ನಿಮ್ಮ ಮಗ ಆ ಸಭೆಯಲ್ಲಿದ್ದಿದ್ದರೆ ಎದ್ದು ನಿಂತು, ಕಾಳು ಒಂದಲ್ಲ ಒಂದು ದಿನ ಖಾಲಿ ಆಗಲ್ವಾ ಅಂತ ಕೇಳುತ್ತಿದ್ದ. ಆಗುತ್ತದೆ. ನ್ಯಾಯವಾದ ತಕರಾರು. ಆದರೆ ಕಾಳು ಮುಗಿದರೂ "ಆಮೇಲೆ?" ಮುಗಿಯುವುದಿಲ್ಲ. ಸಂಖ್ಯೆಗಳು ಇರುವುದು ಆ "ಆಮೇಲೆ?"ಯಲ್ಲಿ. ನೀವು ಎಷ್ಟೇ ದೊಡ್ಡ ಸಂಖ್ಯೆ ಹೇಳಿ, ಅದಕ್ಕೆ ಒಂದು ಕೂಡಿಸಬಹುದು ಅನ್ನುವ ನಿಯಮ ಇದೆ. ಒಂದು ಸಾಲಿನ ನಿಯಮ. ಅದಕ್ಕೆ ಕಣಜವೂ ಬೇಡ, ಗುಬ್ಬಿಯೂ ಬೇಡ.

ಇದು ಗಣಿತದವರ ಜಾರಿಕೊಳ್ಳುವ ಮಾತು ಅನ್ನಿಸಿದರೆ ಕನ್ನಡವನ್ನೇ ತಗೊಳ್ಳಿ. "ಪಕ್ಕದ ಮನೆಯವರು ಸೈಟು ಮಾರಿದರು." ಇದೊಂದು ವಾಕ್ಯ. "ಪಕ್ಕದ ಮನೆಯವರು ಸೈಟು ಮಾರಿದರು ಅಂತ ಹಾಲಿನವನು ಹೇಳಿದ." ಇದೂ ವಾಕ್ಯವೇ. "ಪಕ್ಕದ ಮನೆಯವರು ಸೈಟು ಮಾರಿದರು ಅಂತ ಹಾಲಿನವನು ಹೇಳಿದ ಅಂತ ನಮ್ಮತ್ತೆ ಅಂದರು." ಹೀಗೆ ಎಷ್ಟು ಉದ್ದದ ವಾಕ್ಯ ಕೊಟ್ಟರೂ ಕೊನೆಗೆ ಒಂದು "ಅಂತ ಯಾರೋ ಹೇಳಿದರು" ಸಿಕ್ಕಿಸಬಹುದು. ಅಂದಮೇಲೆ ಕನ್ನಡದಲ್ಲಿ ಅತಿ ಉದ್ದದ ವಾಕ್ಯ ಅನ್ನುವುದೇ ಇಲ್ಲ. ಆ ವಾಕ್ಯಗಳನ್ನೆಲ್ಲ ಯಾವ ಗೋಡೌನಿನಲ್ಲಿ ಇಟ್ಟಿದ್ದಾರೆ ಅಂತ ಯಾರೂ ಕೇಳುವುದಿಲ್ಲ ಅಲ್ವಾ? ಸಂಖ್ಯೆಗೂ ಗೋಡೌನು ಬೇಕಿಲ್ಲ.

ಇನ್ನೊಂದು ವಿಷಯ, ಇದು ಹುಡುಗನಿಗೆ ಇಷ್ಟವಾಗಬಹುದು. ನಮಗೆ ಕಾಣುವಷ್ಟು ಬ್ರಹ್ಮಾಂಡದಲ್ಲಿರುವ ಪರಮಾಣುಗಳು ಅಂದಾಜು 1ರ ಮುಂದೆ 80 ಸೊನ್ನೆ ಹಾಕಿದಷ್ಟು. ಎಲ್ಲಾ ವಸ್ತು ಎಣಿಸಿ ಮುಗಿಸಿದರೆ ಹೆಚ್ಚುಕಡಿಮೆ ಅಲ್ಲಿಗೆ ನಿಲ್ಲುತ್ತೇವೆ. ಈಗ ಅವನ ಕ್ಲಾಸಿನಲ್ಲಿ 60 ಮಕ್ಕಳಿದ್ದಾರೆ ಅಂದುಕೊಳ್ಳಿ. ಪ್ರಾರ್ಥನೆಗೆ ಅವರನ್ನು ಒಂದೇ ಸಾಲಿನಲ್ಲಿ ಎಷ್ಟು ಥರ ನಿಲ್ಲಿಸಬಹುದು? ಮೊದಲ ಜಾಗಕ್ಕೆ 60 ಆಯ್ಕೆ, ಎರಡನೆಯದಕ್ಕೆ 59, ಮೂರನೆಯದಕ್ಕೆ 58, ಹೀಗೆ ಗುಣಿಸುತ್ತಾ ಹೋದರೆ ಬರುವುದು 82 ಅಂಕಿಯ ಸಂಖ್ಯೆ. ಆಕಾಶದ ಪರಮಾಣುಗಳನ್ನೆಲ್ಲ ಮೀರಿಸಿತು! ಪೀಟಿ ಮೇಷ್ಟ್ರ ಒಂದು ಸಾಲು ಬ್ರಹ್ಮಾಂಡಕ್ಕಿಂತ ದೊಡ್ಡ ಸಂಖ್ಯೆ ಕೇಳುತ್ತದೆ. ಎಣಿಸುವುದು ಅಂದರೆ ವಸ್ತುಗಳನ್ನು ಎಣಿಸುವುದಷ್ಟೇ ಅಲ್ಲ, ಸಾಧ್ಯತೆಗಳನ್ನೂ ಎಣಿಸುತ್ತೇವೆ.

ಮನೆಯಲ್ಲಿ ಪಿಯುಸಿ ಓದುವವರ ಸೈಂಟಿಫಿಕ್ ಕ್ಯಾಲ್ಕುಲೇಟರ್ ಇದ್ದರೆ ಇದೇ ಲೆಕ್ಕ ಮಾಡಿ ನೋಡಿ. ಮಾಮೂಲಿ ಮಾದರಿಗಳಲ್ಲಿ 69ರ ಫ್ಯಾಕ್ಟೋರಿಯಲ್ (ಅಂದರೆ 69ರಿಂದ 1ರವರೆಗೆ ಎಲ್ಲವನ್ನೂ ಗುಣಿಸಿದ್ದು) ಬರುತ್ತದೆ, 70 ಕೊಟ್ಟರೆ ಎರರ್. 70ಕ್ಕೆ ಉತ್ತರ ಇಲ್ಲ ಅಂತಲ್ಲ. ಅದು 101 ಅಂಕಿಯ ಸಂಖ್ಯೆ, ಆ ಯಂತ್ರದ ಅಂಕಣದಲ್ಲಿ ಹಿಡಿಸುವುದಿಲ್ಲ ಅಷ್ಟೆ. ಡಬ್ಬಿ ಚಿಕ್ಕದಾದರೆ ಅಕ್ಕಿಯದು ತಪ್ಪಲ್ಲ.

ಇಲ್ಲೊಂದು ಎಚ್ಚರಿಕೆ. ಅನಂತ ಅನ್ನುವುದು ಸಾಲಿನ ಕೊನೆಯಲ್ಲಿ ಕೂತಿರುವ ಒಂದು ಭಾರೀ ಸಂಖ್ಯೆ ಅಂತ ಮಕ್ಕಳು ಅಂದುಕೊಳ್ಳುತ್ತಾರೆ. ಸೊನ್ನೆಯಿಂದ ಭಾಗಿಸಲು ಹೊರಟಾಗ ಈ ಅನಂತ ಎದುರಾಗುತ್ತದೆ, ದೊಡ್ಡವರೂ ಎಡವಿದ ಜಾಗ ಅದು. ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ, ಸುಮಾರು 850ರಲ್ಲಿ, ಗಣಿತಸಾರಸಂಗ್ರಹ ಬರೆದ ನಮ್ಮ ಮಹಾವೀರಾಚಾರ್ಯರು ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೇ ಉಳಿಯುತ್ತದೆ ಅಂದರು. ಅದು ತಪ್ಪು. ಸುಮಾರು ಮುನ್ನೂರು ವರ್ಷದ ನಂತರ ಎರಡನೇ ಭಾಸ್ಕರಾಚಾರ್ಯರು ಅದನ್ನು ಅನಂತ ರಾಶಿ ಅಂದರು. ಹತ್ತಿರ ಬಂದರು, ಆದರೂ ಇವತ್ತಿನ ಗಣಿತದಲ್ಲಿ ಮಾಮೂಲಿ ಸಂಖ್ಯೆಗಳ ನಡುವೆ ಸೊನ್ನೆಯಿಂದ ಭಾಗಿಸಲು ಅನುಮತಿಯೇ ಇಲ್ಲ. ಅಂಥ ಘಟಾನುಘಟಿಗಳೇ ತಡಕಾಡಿದ್ದಾರೆ, ಆರನೇ ಕ್ಲಾಸಿನ ಹುಡುಗ ತಡಕಾಡಿದರೆ ಏನಂತೆ.

ಸರಿ, ಅನಂತ ಒಂದೇ ಬಗೆಯದಾ? ಇಲ್ಲ. ಇದು ನನಗೆ ತುಂಬ ಇಷ್ಟದ ಜಾಗ, ಸ್ವಲ್ಪ ಹೊತ್ತು ನಿಲ್ಲುತ್ತೇನೆ. 2, 4, 6 ಅನ್ನುವ ಸಮ ಸಂಖ್ಯೆಗಳು ಒಟ್ಟು ಸಂಖ್ಯೆಗಳ ಅರ್ಧದಷ್ಟು ಅಂತ ತೋರುತ್ತದೆ. ಆದರೆ 1ಕ್ಕೆ 2, 2ಕ್ಕೆ 4, 3ಕ್ಕೆ 6 ಅಂತ ಒಂದೊಂದಾಗಿ ಜೋಡಿ ಮಾಡುತ್ತಾ ಹೋಗಿ, ಯಾರೂ ಒಂಟಿಯಾಗಿ ಉಳಿಯುವುದಿಲ್ಲ. ಹಾಗಾಗಿ ಎರಡೂ ಒಂದೇ ಅಳತೆಯ ಅನಂತ. ಇದು ಗೊತ್ತಾದ ಮೇಲೆ ಎಲ್ಲ ಅನಂತಗಳೂ ಒಂದೇ ಇರಬೇಕು ಅನ್ನಿಸುತ್ತದೆ. ಹಾಗಲ್ಲ ಅಂತ ತೋರಿಸಿದವರು ಜರ್ಮನಿಯ ಗೇಯಾರ್ಗ್ ಕ್ಯಾಂಟರ್. 1874ರಲ್ಲಿ ಒಂದು ಸಾಧನೆ (ಪ್ರೂಫ್) ಕೊಟ್ಟರು, 1891ರಲ್ಲಿ ಇನ್ನೂ ಸೊಗಸಾದ ಇನ್ನೊಂದನ್ನು. ಆ ಎರಡನೆಯದನ್ನು ನಾನು ಕ್ಲಾಸಿನಲ್ಲಿ ದರ್ಶಿನಿ ಲೆಕ್ಕದಲ್ಲಿ ಹೇಳುತ್ತಿದ್ದೆ.

ದಿನಗಳಿಗೆ ಕೊನೆ ಇಲ್ಲ ಅಂದುಕೊಳ್ಳಿ. ದಿನಾ ಬೆಳಿಗ್ಗೆ ಇಡ್ಲಿ ಇಲ್ಲವೇ ದೋಸೆ, ಎರಡರಲ್ಲಿ ಒಂದು. ಒಬ್ಬ ಗಿರಾಕಿಯ ಪಟ್ಟಿ ಅಂದರೆ ಇಡ್ಲಿ, ಇಡ್ಲಿ, ದೋಸೆ, ಇಡ್ಲಿ... ಹೀಗೆ ನಿಲ್ಲದೆ ಹೋಗುವ ಸಾಲು. ಹೋಟೆಲ್ ಮಾಲೀಕರು ಜಂಬದಿಂದ ಹೇಳುತ್ತಾರೆ, "ಸಾಧ್ಯವಿರುವ ಪಟ್ಟಿಗಳನ್ನೆಲ್ಲ ಬರೆದಿಟ್ಟಿದ್ದೇನೆ, 1ನೇ ಗಿರಾಕಿ, 2ನೇ ಗಿರಾಕಿ, 3ನೇ ಗಿರಾಕಿ, ಒಂದೂ ಬಿಟ್ಟಿಲ್ಲ." ಆಗ ನಾನು ಒಂದು ಕಿತಾಪತಿ ಮಾಡುತ್ತೇನೆ. 1ನೇ ಗಿರಾಕಿ 1ನೇ ದಿನ ಇಡ್ಲಿ ತಿಂದಿದ್ದರೆ ನಾನು ಆ ದಿನ ದೋಸೆ. 2ನೇ ಗಿರಾಕಿ 2ನೇ ದಿನ ದೋಸೆ ತಿಂದಿದ್ದರೆ ನಾನು ಆ ದಿನ ಇಡ್ಲಿ. 3ನೆಯವನ 3ನೇ ದಿನದ ಉಲ್ಟಾ, 4ನೆಯವನ 4ನೇ ದಿನದ ಉಲ್ಟಾ, ಹೀಗೇ ಮುಂದಕ್ಕೆ. ನನ್ನ ಪಟ್ಟಿ ಮಾಲೀಕರ ಪುಸ್ತಕದಲ್ಲಿ ಎಲ್ಲಿದೆ? ಎಲ್ಲೂ ಇಲ್ಲ! ಐನೂರನೇ ಗಿರಾಕಿ ನೀವೇ ಅನ್ನುವ ಹಾಗಿಲ್ಲ, ಯಾಕೆಂದರೆ ಐನೂರನೇ ದಿನ ಅವನ ತಟ್ಟೆ ಬೇರೆ, ನನ್ನ ತಟ್ಟೆ ಬೇರೆ. ನನ್ನನ್ನೂ ಪುಸ್ತಕಕ್ಕೆ ಸೇರಿಸಿಕೊಂಡರೆ? ಇದೇ ಕಿತಾಪತಿ ಮತ್ತೊಮ್ಮೆ. ಅಂದರೆ ಈ ಪಟ್ಟಿಗಳನ್ನು 1, 2, 3 ಅಂತ ಸಾಲಾಗಿ ಬರೆದು ಮುಗಿಸಲು ಬರುವುದೇ ಇಲ್ಲ. ಎಣಿಕೆಯ ಅನಂತಕ್ಕಿಂತ ಇದು ದೊಡ್ಡ ಅನಂತ.

ಅನಂತದಲ್ಲೂ ಬಗೆಗಳಿವೆ ಅನ್ನುವ ಮಾತು ನಮ್ಮ ಹಳೆಯ ಜೈನ ಗ್ರಂಥಗಳಲ್ಲೂ ಇದೆ. ಸಂಖ್ಯೇಯ, ಅಸಂಖ್ಯೇಯ, ಅನಂತ ಅಂತ ಮೂರು ಮಾಡಿ, ಒಂದೊಂದರಲ್ಲೂ ಮತ್ತೆ ಒಳಗಿನ ಬಗೆಗಳನ್ನು ಹೇಳುತ್ತಾರೆ. ಅದಕ್ಕೆ ಹೆಮ್ಮೆ ಪಡೋಣ. ಆದರೆ ಕ್ಯಾಂಟರ್ ಹೇಳಿದ್ದನ್ನೇ ನಮ್ಮವರು ಮೊದಲೇ ಹೇಳಿದ್ದರು ಅಂತ ವಾಟ್ಸಾಪ್‌ನಲ್ಲಿ ಓಡಾಡುವ ಮಾತನ್ನು ನಾನು ಒಪ್ಪುವುದಿಲ್ಲ. ಊಹೆ ಬೇರೆ, ಮೇಲಿನ ದೋಸೆ ಲೆಕ್ಕದಂಥ ಸಾಧನೆ ಬೇರೆ. ಗಣಿತದಲ್ಲಿ ಎಲ್ಲವೂ ಇತ್ಯರ್ಥವಾಗಿದೆ ಅಂತಲೂ ತಿಳಿಯಬೇಡಿ. ಎಣಿಕೆಯ ಅನಂತ, ದೋಸೆ ಪಟ್ಟಿಗಳ ಅನಂತ, ಈ ಎರಡರ ನಡುವೆ ಮೂರನೆಯದೊಂದು ಇದೆಯೇ ಅನ್ನುವ ಪ್ರಶ್ನೆಗೆ ನಾವು ಬಳಸುವ ಮೂಲ ನಿಯಮಗಳಿಂದ ಹೌದು ಅಂತಲೂ ಇಲ್ಲ ಅಂತಲೂ ಸಾಧಿಸಲು ಆಗುವುದಿಲ್ಲ ಅಂತ ಗೋಡೆಲ್ ಮತ್ತು ಕೋಹೆನ್ ತೋರಿಸಿದರು. ಎರಡನೇ ಅರ್ಧ ಪೂರ್ತಿಯಾಗಿದ್ದು 1963ರಲ್ಲಿ.

ಈಗ ಆಕಾಶ. ಇಲ್ಲಿ ನನ್ನ ಪಾಂಡಿತ್ಯ ಸ್ವಲ್ಪ ಕಡಿಮೆ. ನಮ್ಮ ಮನೆಯವರು ಭೌತಶಾಸ್ತ್ರ ಪಾಠ ಮಾಡುವವರು, ಮುಂದಿನದನ್ನೆಲ್ಲ ಅವರು ಓದಿ ಎರಡು ಕಡೆ ಕೆಂಪು ಗೆರೆ ಎಳೆದ ಮೇಲೆ ನಿಮಗೆ ಕಳಿಸುತ್ತಿದ್ದೇನೆ.

ಲಾಲ್‌ಬಾಗ್ ಬಂಡೆ ಹತ್ತಿದ್ದೀರಲ್ಲ? ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಆ ಕಲ್ಲು ರೂಪ ತಾಳುತ್ತಿದ್ದಾಗ ದೂರದ ಗೆಲಾಕ್ಸಿಗಳಿಂದ ಹೊರಟ ಬೆಳಕು ಇವತ್ತು ನಮ್ಮ ದೂರದರ್ಶಕಗಳಿಗೆ ಬಂದು ಬೀಳುತ್ತಿದೆ. ಬ್ರಹ್ಮಾಂಡದ ವಯಸ್ಸು ಸುಮಾರು 1,380 ಕೋಟಿ ವರ್ಷ. ಅದಕ್ಕಿಂತ ಜಾಸ್ತಿ ಹೊತ್ತು ಪ್ರಯಾಣ ಮಾಡಿದ ಬೆಳಕೇ ಇಲ್ಲ. ಆದ್ದರಿಂದ ನಾವು ನೋಡಬಹುದಾದ್ದಕ್ಕೆ ಒಂದು ಅಂಚು ಇದೆ. ಬೆಳಕು ಬರುತ್ತಿದ್ದಾಗಲೇ ಜಾಗವೂ ಹಿಗ್ಗುತ್ತಿತ್ತು, ಹಾಗಾಗಿ ಆ ಅಂಚು ಇವತ್ತು ಎಲ್ಲ ದಿಕ್ಕಿಗೂ ಸುಮಾರು 4,650 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. (ಜ್ಯೋತಿರ್ವರ್ಷ ಕಾಲವಲ್ಲ, ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ. ಮೊದಲ ಕೆಂಪು ಗೆರೆ ಇದಕ್ಕೇ.) ಈ ಕಾಣುವ ಬ್ರಹ್ಮಾಂಡಕ್ಕೆ ಮಿತಿ ಇದೆ, ಅಲ್ಲಿಗೆ ಅದು ಮುಗಿದ ಮಾತು.

ಆದರೆ ಅದು ನೋಟದ ಅಂಚು, ಬ್ರಹ್ಮಾಂಡದ ಅಂಚಲ್ಲ. ಅದೇ ಬಂಡೆಯ ಮೇಲೆ ಕೆಂಪೇಗೌಡರ ಗಡಿ ಗೋಪುರ ಇದೆ ನೋಡಿ. ಅಲ್ಲಿ ನಿಂತು ಸುತ್ತ ನೋಡಿದರೆ ಕಟ್ಟಡಗಳು ಮಬ್ಬಿನಲ್ಲಿ ಕರಗುತ್ತವೆ. ಕರಗಿದ ಕಡೆ ಬೆಂಗಳೂರು ಮುಗಿಯಿತು ಅಂತ ಯಾರಾದರೂ ಅಂದರೆ ನಕ್ಕುಬಿಡುತ್ತೇವೆ. ಅದರಾಚೆಗೂ ಅಪಾರ್ಟ್‌ಮೆಂಟು, ಅದರಾಚೆಗೂ ಲೇಔಟು.

ಆಚೆಗೆ ಎಲ್ಲಿಯವರೆಗೆ? ಮಕ್ಕಳು ಇಲ್ಲಿ ಒಂದು ಗೋಡೆ ಕಲ್ಪಿಸಿಕೊಂಡು, ಗೋಡೆಯ ಆಚೆ ಏನಿದೆ ಅಂತ ಕೇಳುತ್ತಾರೆ. ಗೋಡೆಯೇ ಬೇಕಿಲ್ಲ. ನಮ್ಮ ಔಟರ್ ರಿಂಗ್ ರೋಡ್ ಸುಮಾರು 60 ಕಿಲೋಮೀಟರ್. ಅಳತೆ ಇದೆ, ಆದರೆ "ಇಲ್ಲಿಗೆ ರಸ್ತೆ ಮುಗಿಯಿತು" ಅನ್ನುವ ಬೋರ್ಡು ಎಲ್ಲೂ ಇಲ್ಲ. ಹೆಬ್ಬಾಳದಿಂದ ಹೊರಟು ನೇರ ಹೋಗುತ್ತಲೇ ಇದ್ದರೆ ಮತ್ತೆ ಹೆಬ್ಬಾಳ. (ಸಿಲ್ಕ್ ಬೋರ್ಡ್ ಹತ್ತಿರ ಸಿಕ್ಕಿಕೊಂಡರೆ ಅನಂತ ಅಲ್ಲೇ ಅನುಭವಕ್ಕೆ ಬರುತ್ತದೆ, ಅದು ಬೇರೆ ಮಾತು.) ಇಡೀ ಆಕಾಶವೇ ಮೂರು ಆಯಾಮದಲ್ಲಿ ಹೀಗೆ ತನ್ನನ್ನು ತಾನೇ ಸೇರಿಕೊಂಡಿದ್ದರೆ ಅದಕ್ಕೆ ಮಿತಿ ಇರುತ್ತದೆ, ಅಂಚು ಮಾತ್ರ ಇರುವುದಿಲ್ಲ. 1917ರಲ್ಲಿ ಐನ್‌ಸ್ಟೈನ್ ಮುಂದಿಟ್ಟ ಮಾದರಿ ಇಂಥದ್ದೇ. ಬ್ರಹ್ಮಾಂಡ ಹಿಗ್ಗುವುದೂ ಇಲ್ಲ ಕುಗ್ಗುವುದೂ ಇಲ್ಲ ಅಂತ ಅದರಲ್ಲಿ ಅವರು ನಂಬಿದ್ದು ಮಾತ್ರ ತಪ್ಪಾಯಿತು.

ಯಾವುದು ನಿಜ ಅಂತ ತಿಳಿಯಲು ಅಳೆಯಬೇಕು. ಅಳೆಯುವುದು ಹೇಗೆ? ತ್ರಿಕೋನದಿಂದ. ಹಾಳೆಯ ಮೇಲೆ ತ್ರಿಕೋನದ ಕೋನಗಳ ಮೊತ್ತ 180 ಡಿಗ್ರಿ. ಗೋಲದ ಮೇಲೆ ಜಾಸ್ತಿ ಬರುತ್ತದೆ. ಉತ್ತರ ಧ್ರುವದಿಂದ ಒಂದಕ್ಕೊಂದು ಲಂಬವಾಗಿ ಎರಡು ಗೆರೆ ಭೂಮಧ್ಯರೇಖೆವರೆಗೆ ಎಳೆದರೆ ಮೂರೂ ಕೋನ 90, ಮೊತ್ತ 270. ಆಕಾಶದಲ್ಲಿ ಇಂಥ ತ್ರಿಕೋನಕ್ಕೆ ಸಿಕ್ಕಿರುವುದು ಬಹಳ ಹಳೆಯ ಬೆಳಕು. ಬ್ರಹ್ಮಾಂಡಕ್ಕೆ ಸುಮಾರು 3,80,000 ವರ್ಷ ವಯಸ್ಸಾಗಿದ್ದಾಗ ಹೊರಟದ್ದು, ಈಗ ಮೈಕ್ರೋವೇವ್ ರೂಪದಲ್ಲಿ ಎಲ್ಲ ದಿಕ್ಕಿನಿಂದಲೂ ಬರುತ್ತಿದೆ. ಅದರಲ್ಲಿ ಸ್ವಲ್ಪ ಬಿಸಿ, ಸ್ವಲ್ಪ ತಣ್ಣಗಿನ ಮಚ್ಚೆಗಳಿವೆ. ಒಂದು ಮಚ್ಚೆಯ ಎರಡು ಅಂಚು, ನಮ್ಮ ಕಣ್ಣು, ಇವೇ ತ್ರಿಕೋನದ ಮೂರು ಮೂಲೆ. ಮಚ್ಚೆಗಳ ನಿಜವಾದ ಗಾತ್ರ ಲೆಕ್ಕದಿಂದ ಗೊತ್ತು. ಜಾಗ ಬಾಗಿರದಿದ್ದರೆ ಅವು ಸುಮಾರು 1 ಡಿಗ್ರಿ ಅಗಲ ಕಾಣಬೇಕು, ಅಂದರೆ ಹುಣ್ಣಿಮೆ ಚಂದ್ರನ ಎರಡರಷ್ಟು. ಹಾಗೇ ಕಾಣುತ್ತವೆ. ಯುರೋಪಿನ ಪ್ಲಾಂಕ್ ಉಪಗ್ರಹದ 2018ರ ವಿಶ್ಲೇಷಣೆಯನ್ನು ಗೆಲಾಕ್ಸಿಗಳ ಅಳತೆಯ ಜೊತೆ ಸೇರಿಸಿ ನೋಡಿದರೆ ಬಾಗು ಸೊನ್ನೆ ಅಂತಲೇ ಬರುತ್ತದೆ, ಹೆಚ್ಚುಕಡಿಮೆ ಶೇಕಡಾ 0.2ರ ಆಸುಪಾಸಿನಲ್ಲಿ.

ಅಂದರೆ ಚಪ್ಪಟೆ, ಹಾಗಾಗಿ ಅನಂತ, ಮುಗೀತಲ್ವಾ? ಇಲ್ಲ, ತಾಳಿ. 30×40 ಸೈಟಿನ ಮೇಲೆ ದಾರ ಹಿಡಿದು ಮೇಸ್ತ್ರಿ ಅಳೆದರೆ ಭೂಮಿ ಚಪ್ಪಟೆ ಅಂತಲೇ ಬರುತ್ತದೆ. ಅವನ ದಾರದ್ದೂ ತಪ್ಪಿಲ್ಲ, ಮೇಸ್ತ್ರಿಯದ್ದೂ ತಪ್ಪಿಲ್ಲ, ಸೈಟು ಚಿಕ್ಕದು. ನಮಗೆ ಕಾಣುವ ಬ್ರಹ್ಮಾಂಡವೂ ಇಡೀ ಬ್ರಹ್ಮಾಂಡದಲ್ಲಿ ಒಂದು 30×40 ಸೈಟು ಇರಬಹುದು. ಅದೂ ಅಲ್ಲದೆ ಚಪ್ಪಟೆಯಾಗಿದ್ದೂ ಮಿತಿ ಇರಬಹುದು. ಹಳೆಯ ನೋಕಿಯಾ ಫೋನಿನ ಹಾವಿನ ಆಟ ನೆನಪಿದೆಯಾ? ಹಾವು ಬಲಗಡೆಯಿಂದ ಹೊರಟುಹೋದರೆ ಎಡಗಡೆಯಿಂದ ಒಳಗೆ ಬರುತ್ತಿತ್ತು. ಪರದೆ ಚಪ್ಪಟೆ, ಜಾಗಕ್ಕೆ ಮಿತಿ, ಗೋಡೆ ಇಲ್ಲ. ಆಕಾಶ ಹಾಗಿದ್ದರೆ ಎರಡು ಬೇರೆ ದಿಕ್ಕುಗಳಲ್ಲಿ ಒಂದೇ ಮಚ್ಚೆಗಳ ವೃತ್ತ ಕಾಣಿಸಬೇಕು. ಹುಡುಕಿದ್ದಾರೆ, ಸಿಕ್ಕಿಲ್ಲ. ಹಾಗೆ ಮಡಚಿಕೊಂಡಿದ್ದರೂ ಆ ಮಡಿಕೆ ನಮ್ಮ ನೋಟಕ್ಕಿಂತ ದೊಡ್ಡದಿರಬೇಕು.

ನನ್ನ ಪ್ರಕಾರ ನಿಮ್ಮ ಮಗನಿಗೆ ಹೇಳಬೇಕಾದ ಮುಖ್ಯ ಮಾತು ಇಲ್ಲಿದೆ. ಅಳತೆಗೆ ಯಾವಾಗಲೂ ಒಂದು ಹೆಚ್ಚುಕಡಿಮೆ ಅಂಟಿಕೊಂಡಿರುತ್ತದೆ. ನಾಳೆ 0.2 ಹೋಗಿ 0.002 ಆಗಬಹುದು, ಆದರೆ ಸೊನ್ನೆಯೇ ಆಗುವುದಿಲ್ಲ. ಬ್ರಹ್ಮಾಂಡಕ್ಕೆ ಮಿತಿ ಇದ್ದರೆ ಒಂದು ದಿನ ಆ ಬಾಗೋ, ಆ ಜೋಡಿ ವೃತ್ತವೋ ಕಂಡು ಗೊತ್ತಾಗಬಹುದು. ಮಿತಿ ಇಲ್ಲದಿದ್ದರೆ ಅದನ್ನು ಅಳೆದು ತೋರಿಸುವುದು ಯಾವತ್ತಿಗೂ ಆಗದ ಕೆಲಸ. ಕಣಜದ ತಳ ಕಂಡರೆ ಕಾಳು ಮುಗಿಯಿತು ಅಂತ ಗೊತ್ತಾಗುತ್ತದೆ. ತಳ ಕಾಣದಿದ್ದರೆ? ಕಣಜ ಅನಂತವೂ ಇರಬಹುದು, ಸುಮ್ನೆ ತುಂಬ ಆಳವೂ ಇರಬಹುದು.

ಸಂಖ್ಯೆಯ ಕಡೆ ಈ ಪೇಚಾಟ ಇಲ್ಲ. ಅವಿಭಾಜ್ಯ ಸಂಖ್ಯೆಗಳು ಮುಗಿಯುವುದಿಲ್ಲ ಅಂತ ಸುಮಾರು 2,300 ವರ್ಷದ ಹಿಂದೆ ಯೂಕ್ಲಿಡ್ ಕೆಲವೇ ಸಾಲಿನಲ್ಲಿ ತೋರಿಸಿದ. ಇವತ್ತಿಗೂ ಅದರಲ್ಲಿ ಒಂದು ಅಕ್ಷರ ತಿದ್ದಬೇಕಾಗಿಲ್ಲ. ನಮಗೆ ಗೊತ್ತಿರುವ ಅತಿ ದೊಡ್ಡ ಅವಿಭಾಜ್ಯವಾಗಿ 2024ರ ಅಕ್ಟೋಬರ್‌ನಲ್ಲಿ ಸಿಕ್ಕಿದ ಸಂಖ್ಯೆಗೆ 4,10,24,320 ಅಂಕಿಗಳಿವೆ. ಪುಟಕ್ಕೆ 3,000 ಅಂಕಿ ಹಿಡಿಸಿದರೂ 13,600 ಪುಟ ದಾಟುತ್ತದೆ. ಅದಕ್ಕಿಂತ ದೊಡ್ಡದು ಇದ್ದೇ ಇದೆ ಅಂತ ಯಾರೂ ಹುಡುಕುವ ಮೊದಲೇ ನಮಗೆ ಗೊತ್ತು.

ಅಳತೆಯ ಕಥೆ ಬೇರೆ. 2018ರಲ್ಲಿ ಅಮೆರಿಕದ ಒಂದು ತಂಡ, ಬ್ರಹ್ಮಾಂಡದ ಮೊದಲ ನಕ್ಷತ್ರಗಳ ಕಾಲದ ರೇಡಿಯೋ ಸುಳಿವು ಸಿಕ್ಕಿತು ಅಂತ ಹೇಳಿತು. ದೊಡ್ಡ ಸುದ್ದಿಯಾಯಿತು. ನಮ್ಮ ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯವರು ಸಾರಸ್ ಅನ್ನುವ ಆಂಟೆನಾ ಕಟ್ಟಿ, ನೆಲದ ಗಲಾಟೆ ತಪ್ಪಿಸಲು ಅದನ್ನು 2020ರಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲಿ, ಆಮೇಲೆ ಶರಾವತಿ ಹಿನ್ನೀರಿನಲ್ಲಿ ತೇಲಿಬಿಟ್ಟು ಕೇಳಿಸಿಕೊಂಡರು. 2022ರಲ್ಲಿ ಅವರು ಪ್ರಕಟಿಸಿದ್ದು: ಆ ಸುಳಿವು ಇಲ್ಲಿ ಕಾಣಿಸುತ್ತಿಲ್ಲ. ಕೆರೆಯ ಮೇಲೆ ತೇಲುವ ಒಂದು ಆಂಟೆನಾ ಅಷ್ಟು ದೊಡ್ಡ ಮಾತನ್ನು ಅಲುಗಾಡಿಸಿತು ನೋಡಿ, ನನಗೆ ಅದು ತುಂಬ ಹಿಡಿಸಿತು. ಯೂಕ್ಲಿಡ್‌ನನ್ನು ಅಲುಗಾಡಿಸಲು ಯಾವ ಕೆರೆಗೂ ಆಗುವುದಿಲ್ಲ.

ಉಳಿದದ್ದು ಕೊನೆಯ ಪ್ರಶ್ನೆ, ಇನ್ನೊಬ್ಬ ಅವನು. ಭೌತವಿಜ್ಞಾನಿಗಳಲ್ಲಿ ಕೆಲವರು ಇರಬಹುದು ಅನ್ನುತ್ತಾರೆ. ಬ್ರಹ್ಮಾಂಡ ನಿಜವಾಗಿಯೂ ಅನಂತವಾಗಿದ್ದರೆ, ಎಲ್ಲ ಕಡೆಯೂ ದಾಳ ಹಾಕಿದ ಹಾಗೆ ವಸ್ತು ಹಂಚಿಕೆಯಾಗಿದ್ದರೆ, ಒಂದು ಜಾಗದಲ್ಲಿ ಆಗಬಹುದಾದ ಜೋಡಣೆಗಳಿಗೆ ಮಿತಿ ಇದ್ದರೆ, ಆಗ ಎಲ್ಲೋ ಒಂದು ಕಡೆ ಇದೇ ಜೋಡಣೆ ಮತ್ತೆ ಬರಲೇಬೇಕು. ಮೂರು "ರೆ"ಗಳಿವೆ, ಗಮನಿಸಿ. ಅನಂತ ಅಂದ ಮಾತ್ರಕ್ಕೆ ಎಲ್ಲವೂ ಅದರಲ್ಲಿ ಇರಲೇಬೇಕು ಅಂತ ಅವನು ನಂಬಿದ್ದರೆ ಒಂದು ಕೆಲಸ ಕೊಡಿ. 2, 4, 6, 8 ಅಂತ ಬರೆಯುತ್ತಾ ಹೋಗಲಿ, ಆ ಸಾಲಿಗೂ ಕೊನೆ ಇಲ್ಲ. ಅದರಲ್ಲಿ 7 ಸಿಕ್ಕಿದ ದಿನ ನನಗೆ ಬರೆದು ತಿಳಿಸಲಿ.